ಇಪ್ಪತ್ತೊಂದು ತಿಂಗಳ ಹಿರಿತನ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ನನ್ನೆದುರು ತಲೆ ಬಗ್ಗಿಸಿದರೆ ನನಗೆ ಬಹಳ ಸುಖವಾಗುತ್ತದೆ. ಹೀಗೆ ಹೇಳಿದೆನೆಂದು ನನ್ನನ್ನು ಮಂತ್ರಿಯೋ ಮಠಾಧಿಪತಿಯೋ ಅಂದುಕೊಳ್ಳಬೇಡಿ. ನೀಲಗಿರಿ ಬೆಟ್ಟದ ಮೇಲೆ, ಕಟ್ಟಬೆಟ್ಟಿನ ಹತ್ತಿರದ ಒಂದು ಟೀ ಫ್ಯಾಕ್ಟರಿಯಲ್ಲಿ ನಾನು ಫಿಟ್ಟರ್. ಹಸಿ ಎಲೆಯನ್ನು ಹರಿದು ಅರೆಯುವ ಉರುಳೆಗಳ ಹಲ್ಲು ಸವೆದಾಗ ಹೊಸ ಹಲ್ಲು ಕೊರೆಯುವುದು ನನ್ನ ಕೆಲಸ. ಉರುಳೆಗಳು ಯಾರಿಗೂ ತಲೆ ಬಗ್ಗಿಸುವುದಿಲ್ಲ. ಬಗ್ಗಿಸುತ್ತಿದ್ದವನು ನನ್ನ ದಾಯಾದಿ ಬೋಜ.

ನಾವು ಬಡಗರು. ನಮ್ಮ ಹಟ್ಟಿಗಳಲ್ಲಿ ಚಿಕ್ಕವರು ದೊಡ್ಡವರನ್ನು ಕಂಡರೆ ಸುಮ್ಮನೆ ಕೈಮುಗಿದು ಮುಂದೆ ಹೋಗುವಂತಿಲ್ಲ. ಹತ್ತಿರ ಬಂದು ತಲೆ ಬಗ್ಗಿಸಬೇಕು. ದೊಡ್ಡವರು ಆ ತಲೆಯ ಮೇಲೆ ಬಲಗೈ ಇಟ್ಟು ‘ಬದುಕು’ ಎಂದು ಹರಸಬೇಕು. ಮದುವೆಮನೆಯಲ್ಲಿ, ಸಾವಿನ ಮನೆಯಲ್ಲಿ, ಕೋತಗಿರಿ ಬಸ್‌ಸ್ಟಾಂಡಿನಲ್ಲಿ, ಎಲ್ಲಿ ಕಂಡರೂ ಹಾಗೇ. ಎಷ್ಟು ದೊಡ್ಡವರು ಎಂಬ ಪ್ರಶ್ನೆಯಿಲ್ಲ; ಒಂದು ದಿನ ಮೊದಲು ಹುಟ್ಟಿದ್ದರೂ ದೊಡ್ಡವನೇ. ಹೀಗಾಗಿ ನಮ್ಮಲ್ಲಿ ವಯಸ್ಸೆಂದರೆ ಆಸ್ತಿ. ವರ್ಷ ಕಳೆದಷ್ಟೂ ಬಗ್ಗುವ ತಲೆಗಳು ಹೆಚ್ಚುತ್ತವೆ, ನೀವು ಬಗ್ಗಿಸಬೇಕಾದ ಕಡೆಗಳು ಕಡಿಮೆಯಾಗುತ್ತವೆ. ಕೂದಲಿಗೆ ಕಪ್ಪು ಹಚ್ಚುವ ಬಡಗ ಗಂಡಸು ತನ್ನ ಬೇರಿಗೆ ತಾನೇ ಬಿಸಿನೀರು ಹುಯ್ದುಕೊಳ್ಳುತ್ತಾನೆ ಎಂದು ನನ್ನ ಅಭಿಪ್ರಾಯ.

ಬೋಜ ಆರಡಿ ಎತ್ತರದ ಆಳು. ಹಟ್ಟಿಯ ಸಣ್ಣ ಬೆಳೆಗಾರರ ಎಲೆಯನ್ನೆಲ್ಲ ಕೊಂಡು ಫ್ಯಾಕ್ಟರಿಗೆ ಸಾಗಿಸುತ್ತಾನೆ. ನಾನೋ, ಐದಡಿ ಮೂರಂಗುಲ. ಅವನು ನನ್ನ ಕೈಗೆ ಸಿಗುವಷ್ಟು ಬಗ್ಗಬೇಕಾದರೆ ಸೊಂಟದಿಂದಲೇ ಮುರಿಯಬೇಕು. ನಲವತ್ತು ವರ್ಷ ಮುರಿದ. ನಾನು ಅವಸರವಿಲ್ಲದೆ ಕೈ ಇಟ್ಟು, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿ, ಆಮೇಲೆ ‘ಬದುಕು’ ಅನ್ನುತ್ತಿದ್ದೆ.

ಇಂಥ ಸುಖಪುರುಷನಿಗೆ ಆಸ್ಟ್ರೇಲಿಯಕ್ಕೆ ಹೋಗಬೇಕೆಂಬ ಆಸೆ ಹುಟ್ಟಿತು. ಪ್ರವಾಸಕ್ಕಲ್ಲ, ಅಲ್ಲೇ ನೆಲೆಸಲು. ಕಸುಬು ಬಲ್ಲವರಿಗೆ ಅವರು ವಾಸದ ಪರವಾನಗಿ ಕೊಡುತ್ತಾರೆ, ಫಿಟ್ಟರುಗಳೂ ಅವರ ಪಟ್ಟಿಯಲ್ಲಿದ್ದಾರೆ ಎಂದು ಫ್ಯಾಕ್ಟರಿ ಬಿಟ್ಟುಹೋದ ಗೆಳೆಯನೊಬ್ಬ ಹೇಳಿದ್ದ. ಯಾಕೆ ಹೋಗಬೇಕು ಎಂದು ಎಲ್ಲರೂ ಕೇಳಿದರು. ಮಗಳ ಓದಿಗೆ ಎಂದು ಹೇಳಿ ಬಾಯಿ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ಕಾರಣ ಬೇರೆ. ಮೈಸೂರಿನ ಪಾಲಿಟೆಕ್ನಿಕ್‌ನಲ್ಲಿ ಕಳೆದ ಮೂರು ವರ್ಷ ಬಿಟ್ಟರೆ ನಾನು ಜೀವನಪೂರ್ತಿ ಇಂಥವರ ಮೊಮ್ಮಗ, ಇಂಥ ಮನೆಯವ ಎಂದೇ ಬದುಕಿದ್ದೇನೆ. ನನ್ನ ಅಜ್ಜ ಯಾರೆಂದು ಗೊತ್ತಿಲ್ಲದವನೊಬ್ಬ ನನ್ನ ಕೈಕೆಲಸವನ್ನು ಮಾತ್ರ ನೋಡಿ, ಈ ಮನುಷ್ಯ ನಮಗೆ ಬೇಕು ಎಂದು ಒಂದು ಸಲ ಹೇಳಲಿ ಎಂಬ ಆಸೆ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಇದನ್ನು ಹಟ್ಟಿಯಲ್ಲಿ ಬಾಯಿಬಿಟ್ಟು ಹೇಳಿದರೆ ಊಟಿಯ ದೊಡ್ಡ ಡಾಕ್ಟರಿಗೆ ತೋರಿಸಿ ಅನ್ನುತ್ತಿದ್ದರು.

ಆಸೆ ಹುಟ್ಟಿದ್ದು ಮೂವತ್ತೊಂದರಲ್ಲಿ. ಅರ್ಜಿ ಹಾಕುವ ಮಾತು ಬಂದದ್ದು ನಲವತ್ತು ದಾಟಿದ ಮೇಲೆ. ನಡುವಿನ ಕಾಲ ಏನು ಮಾಡಿದೆ ಎಂದು ಕೇಳುತ್ತೀರಿ. ಯೋಚನೆ ಮಾಡಿದೆ. ಮೊದಲು ಮದುವೆಯಾಗಲಿ ಅಂದೆ. ಆಯಿತು. ಮಗಳು ನಡೆಯುವಷ್ಟಾಗಲಿ ಅಂದೆ, ಅವಳು ನಡೆದು, ಓಡಿ, ಸೈಕಲ್ ಕಲಿತು ಬಿದ್ದು ಮೊಣಕಾಲು ಒಡೆದುಕೊಂಡಳು. ಈ ಸೀಸನ್ನಿನ ಎಲೆ ಮುಗಿಯಲಿ ಎಂದು ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ಟೀ ಗಿಡದಲ್ಲಿ ಎಲೆ ಮುಗಿಯುವುದು ಅಂತಿಲ್ಲ, ಕಿತ್ತಷ್ಟೂ ಚಿಗುರುತ್ತದೆ ಎಂಬುದು ಎಲೆಯ ಮಧ್ಯೆಯೇ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆಪ ಹೇಳುವವನಿಗೆ ಅಂಥ ಗಿಡವೇ ಅನುಕೂಲ. ನನ್ನ ಹೆಂಡತಿ ಸುಮತಿ ಮಂಜೂರಿನ ಕಡೆಯವಳು, ಕೂನೂರಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಪ್ರತಿ ವರ್ಷ ಅವಳು, ವಲಸೆ ಬರುವವರನ್ನು ಆರಿಸಲು ಆಸ್ಟ್ರೇಲಿಯದವರು ಇಟ್ಟಿರುವ ಅಂಕಪಟ್ಟಿ ತೆಗೆದು ನನಗೆ ಎಷ್ಟು ಸಿಗುತ್ತದೆ ಎಂದು ಕೂಡಿಸಿ ತೋರಿಸುತ್ತಿದ್ದಳು. ಪ್ರತಿ ವರ್ಷ ನಾನು, ನೋಡೋಣ ಅನ್ನುತ್ತಿದ್ದೆ.

ಆ ಅಂಕಪಟ್ಟಿಯ ವಿಷಯ ನಿಮಗೆ ಹೇಳಲೇಬೇಕು. ನನ್ನಂಥವನಿಗೆ ಅದನ್ನು ಓದುವುದೇ ಒಂದು ಶಿಕ್ಷೆ. ಓದಿಗೆ ಅಂಕ, ಅನುಭವಕ್ಕೆ ಅಂಕ, ಇಂಗ್ಲಿಷಿಗೆ ಅಂಕ. ಇಲ್ಲಿಯವರೆಗೆ ಸರಿ. ವಯಸ್ಸಿನ ಕಲಮಿಗೆ ಬಂದರೆ ಮೂವತ್ತರ ಆಸುಪಾಸಿನ ಹುಡುಗನಿಗೆ ಪೂರ್ತಿ ಅಂಕ, ಆಮೇಲೆ ಇಳಿಯುತ್ತ ಹೋಗಿ ನಲವತ್ತೈದು ತುಂಬಿದವನಿಗೆ ಬಾಗಿಲೇ ಬಂದ್. ನಮ್ಮ ಹಟ್ಟಿಯಲ್ಲಿ ಯಾವುದನ್ನು ಕೂಡುತ್ತಾರೋ ಅದನ್ನು ಅಲ್ಲಿ ಕಳೆಯುತ್ತಾರೆ. ಅನುಭವ ಇಪ್ಪತ್ತು ವರ್ಷದ್ದು ಬೇಕು, ಆದರೆ ಅದನ್ನು ಪಡೆಯುವಾಗ ಮನುಷ್ಯನಿಗೆ ವಯಸ್ಸಾಗಿರಬಾರದು. ಇದನ್ನು ರೂಪಿಸಿದ ಮಹಾನುಭಾವರಿಗೆ ಎಲ್ಲಿದ್ದರೂ ನನ್ನ ನಮಸ್ಕಾರ.

ಹಾಗೆ ನೋಡಿದರೆ ನಮ್ಮ ಬೆಟ್ಟದಲ್ಲಿ ವಲಸೆ ಬರದವರು ಯಾರಿದ್ದಾರೆ? ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ ಬಂದವರಾದ್ದರಿಂದ ನಾವು ಬಡಗರಾದೆವು ಎಂದು ಹಿರಿಯರು ಹೇಳುತ್ತಾರೆ. ಬರುವಾಗ ನಮ್ಮವರನ್ನು ಯಾರೂ ಇಂಗ್ಲಿಷ್ ಪರೀಕ್ಷೆಗೆ ಕೂರಿಸಿದಂತಿಲ್ಲ. ನಾವು ಹೊಟ್ಟೆ ಹೊರೆಯುವ ಟೀ ಗಿಡ ಹೊರಗಿನದು, ಆಲೂಗಡ್ಡೆ, ಕ್ಯಾರೆಟ್ಟು, ಕೋಸು ಎಲ್ಲ ಹೊರಗಿನವು. ಇನ್ನು ಆ ಎತ್ತರದ ಮರ, ಅದು ಬಂದದ್ದು ಸಾಕ್ಷಾತ್ ಆಸ್ಟ್ರೇಲಿಯದಿಂದಲೇ. ಇಂಗ್ಲಿಷರ ಕಾಲದಲ್ಲಿ ಬಂದು, ಅಂಕಪಟ್ಟಿಯಿಲ್ಲದೆ, ಎದೆಯ ಎಕ್ಸ್‌ರೇ ಇಲ್ಲದೆ ಬೆಟ್ಟದ ಮೇಲೆ ಬೇರುಬಿಟ್ಟು, ನೆಲದ ನೀರು ಕುಡಿದು ಎಷ್ಟು ಚೆನ್ನಾಗಿ ನೆಲೆಯಾಯಿತೆಂದರೆ ಕನ್ನಡಿಗರು ಅದನ್ನು ನೀಲಗಿರಿ ಮರ ಎಂದೇ ಕರೆಯುತ್ತಾರೆ. ಅಲ್ಲಿಂದ ಇಲ್ಲಿಗೆ ಮರ ಬರಬಹುದಾದರೆ ಇಲ್ಲಿಂದ ಅಲ್ಲಿಗೆ ಒಬ್ಬ ಫಿಟ್ಟರ್ ಹೋಗುವುದು ನ್ಯಾಯವಲ್ಲವೇ? ಈ ವಾದವನ್ನು ಅರ್ಜಿಯಲ್ಲಿ ಎಲ್ಲಿ ಬರೆಯಬೇಕು ಎಂದು ಕೇಳಿದಾಗ ಸುಮತಿ ಅಂಕಗಳನ್ನು ಇನ್ನೊಮ್ಮೆ ಕೂಡಿಸತೊಡಗಿದಳು.

ಅಂತೂ ಒಂದು ಫೆಬ್ರವರಿಯಲ್ಲಿ ಅವಳು ನನ್ನನ್ನು ಕೂನೂರಿನಲ್ಲಿ ಬೇಕರಿಯೊಂದರ ಮಹಡಿಯ ಮೇಲಿದ್ದ ವೀಸಾ ಏಜೆಂಟನ ಬಳಿಗೆ ಹೆಚ್ಚುಕಡಿಮೆ ಎಳೆದುಕೊಂಡು ಹೋದಳು. ಅವಳ ಒತ್ತಾಯಕ್ಕೆ ಅಷ್ಟರಲ್ಲಿ ಇಂಗ್ಲಿಷ್ ಪರೀಕ್ಷೆ ಆಗಿತ್ತು. ಮರೆಯಲಾಗದ ಒಂದು ಪ್ರಯಾಣದ ಬಗ್ಗೆ ಎರಡು ನಿಮಿಷ ಮಾತಾಡಿ ಅಂದಿದ್ದರು. ಮೇಟುಪಾಳ್ಯಂ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತದ್ದನ್ನೂ ನಾನೇ ಇಳಿದು ರಿಪೇರಿ ಮಾಡಿದ್ದನ್ನೂ ಹೇಳಿ ಪಾಸಾಗಿದ್ದೆ. ಕಸುಬಿನ ಪರೀಕ್ಷೆಯೂ ಆಗಿತ್ತು. ಉರುಳೆಗೆ ಹಲ್ಲು ಕೊರೆಯುವ ವಿಡಿಯೋ ನೋಡಿದ ಅಲ್ಲಿಯವರು, ತುಂಬಾ ಚೆನ್ನಾಗಿದೆ ಎಂದು ಒಂದು ಸಾಲು ಬರೆದಿದ್ದರು. ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀವು ನಗುತ್ತೀರಿ. ಏಜೆಂಟ್ ಎಲ್ಲ ಕಾಗದ ನೋಡಿ, ಪಾಸ್‌ಪೋರ್ಟ್ ತೆರೆದು, ಕ್ಯಾಲೆಂಡರ್ ಕಡೆ ಒಮ್ಮೆ ತಿರುಗಿದ. ಜೂನ್ ಒಂದಕ್ಕೆ ನಿಮಗೆ ನಲವತ್ತೈದು ತುಂಬುತ್ತದೆ ಸಾರ್, ನಾಲ್ಕು ತಿಂಗಳೊಳಗೆ ಅಲ್ಲಿಂದ ಬನ್ನಿ ಎಂಬ ಆಹ್ವಾನ ಬರುವುದು ಕಷ್ಟ, ಎರಡು ವರ್ಷ ಮುಂಚೆ ಬರಬಾರದಿತ್ತೇ ಎಂದು ತಮಿಳಿನಲ್ಲಿ ಕೇಳಿದ.

ಎರಡು ವರ್ಷ ಮುಂಚೆ ಸೀಸನ್ ಇತ್ತು ಎಂದು ಹೇಳುವ ಬದಲು ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗ ಸುಮತಿ ಕೇಳಿದಳು. “ನೀವು ನಿಜವಾಗಿ ಹುಟ್ಟಿದ್ದು ಜೂನ್ ಒಂದನೇ ತಾರೀಖಾ?”

ಇಲ್ಲಿ ನನ್ನ ಹೆತ್ತಪ್ಪನನ್ನು, ಅಂದರೆ ಅಜ್ಜನನ್ನು, ಕರೆತರಬೇಕಾಗುತ್ತದೆ. ಹೆತ್ತಪ್ಪನಿಗೂ ಬೋಜನ ಅಜ್ಜನಿಗೂ ಯಾವುದರಲ್ಲೂ ಆಗಿಬರುತ್ತಿರಲಿಲ್ಲ. ಇಬ್ಬರ ಮನೆ ಒಂದೇ ಸಾಲಿನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡು. ಬೋಜ ಕೋತಗಿರಿಯ ಆಸ್ಪತ್ರೆಯಲ್ಲಿ ಹುಟ್ಟಿದ, ಅವನಿಗೆ ಜನನ ಪತ್ರವಿತ್ತು. ಏಳು ತಿಂಗಳ ನಂತರ ನಾನು ಮನೆಯಲ್ಲೇ ಹುಟ್ಟಿದೆ, ನನಗೆ ಇರಲಿಲ್ಲ. ನನ್ನ ಮೊಮ್ಮಗ ಆ ಮನೆಯ ಹುಡುಗನಿಗೆ ಜೀವನಪೂರ್ತಿ ತಲೆ ಬಗ್ಗಿಸುವುದೇ ಎಂಬ ಚಿಂತೆ ಹೆತ್ತಪ್ಪನಿಗೆ ನಾಲ್ಕು ವರ್ಷ ನಿದ್ದೆ ಕೊಟ್ಟಿರಲಿಲ್ಲವಂತೆ. ಇಬ್ಬರನ್ನೂ ಶಾಲೆಗೆ ಸೇರಿಸುವ ದಿನ ಅವರು ಹೆಡ್‌ಮಾಸ್ತರರ ಮುಂದೆ, ಇವನಿಗೆ ಆರು ತುಂಬಿತು ಅಂದುಬಿಟ್ಟರು. ನನಗೆ ನಾಲ್ಕೂಕಾಲು. ತಲೆಯ ಮೇಲಿಂದ ಕೈ ಸುತ್ತಿಸಿ ಆಚೆಯ ಕಿವಿ ಮುಟ್ಟಿದರೆ ವಯಸ್ಸಾಯಿತು ಎಂದು ಆಗಿನ ಲೆಕ್ಕ. ನನ್ನ ಕೈ ನೆತ್ತಿಗೇ ನಿಂತಿತು. ಹೆತ್ತಪ್ಪ ನನ್ನ ಕತ್ತನ್ನು ಪಕ್ಕಕ್ಕೆ ವಾಲಿಸಿ, ಕಿವಿಯನ್ನೇ ಕೈಯ ಹತ್ತಿರಕ್ಕೆ ತಂದರು. ಹೆಡ್‌ಮಾಸ್ತರರು ಹುಟ್ಟಿದ ತಾರೀಖು ಜೂನ್ ಒಂದು ಎಂದು ಬರೆದುಕೊಂಡರು.

ಬೋಜನ ಮನೆಯವರು ಸುಮ್ಮನಿರಲಿಲ್ಲ. ಹಟ್ಟಿಯ ಹಿರಿಯರು ಕೂತು ಮಾತಾಡಿದರು. ಆದರೆ ಓದು ಬರಹ ಬಾರದ ಹಿರಿಯರಿಗೆ ಮಸಿಯ ಮೇಲೆ ಎಂಥ ಭಕ್ತಿ ನೋಡಿ, ಸರ್ಕಾರದ ಪುಸ್ತಕದಲ್ಲಿ ಬರೆದ ಮೇಲೆ ಅದೇ ಸರಿ ಎಂದು ತೀರ್ಮಾನಿಸಿದರು. ಅಂದಿನಿಂದ ಬೋಜ ಚಿಕ್ಕವನಾದ. ನಾನು ಹುಟ್ಟುವ ಮೊದಲಿನ ಇಪ್ಪತ್ತೊಂದು ತಿಂಗಳು ನನ್ನ ಹೆಸರಿಗೆ ಬಂದವು.

ಹೆತ್ತಪ್ಪ ಪ್ರೀತಿಯಿಂದ ಮಾಡಿದ ಕೆಲಸ. ನನಗಾಗಿ ಸುಳ್ಳು ಹೇಳಿದವರು ಜೀವನದಲ್ಲಿ ಅವರೊಬ್ಬರೇ. ತಾವು ಕೊಟ್ಟ ಆ ಇಪ್ಪತ್ತೊಂದು ತಿಂಗಳನ್ನು ಮೊಮ್ಮಗ ಮುಂದೊಂದು ದಿನ ವಾಪಸು ಕೊಡಲು ಒದ್ದಾಡುತ್ತಾನೆ ಎಂದು ಆ ಮುದುಕನಿಗೆ ಹೇಗೆ ಗೊತ್ತಾಗಬೇಕು?

ನಿಜವಾದ ತಾರೀಖಿನ ಪ್ರಕಾರ ನನಗಿನ್ನೂ ನಲವತ್ತಮೂರೂ ತುಂಬಿರಲಿಲ್ಲ. ತಿದ್ದಿಸಿಕೊಳ್ಳಬಹುದೇ ಎಂದು ಊಟಿಯ ವಕೀಲರೊಬ್ಬರನ್ನು ಕೇಳಿದೆವು. ಕಷ್ಟ, ಆದರೆ ಸಾಧ್ಯ ಅಂದರು. ಹಳೆಯ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ನನಗೆ ಮೊದಲ ಲಸಿಕೆ ಹಾಕಿದ ದಿನವೂ ಹುಟ್ಟಿದ ದಿನವೂ ಸಿಕ್ಕಿದವು. ಬಹಳ ಖುಷಿಯಾಯಿತು. ಆದರೆ ಹೆಸರಿನ ಜಾಗದಲ್ಲಿ ನಮ್ಮ ಹಟ್ಟಿಯ ‘ಗಂಡು ಮಗು’ ಎಂದು ಮಾತ್ರ ಇತ್ತು. ಆ ಗಂಡು ಮಗು ನಾನೇ ಎಂದು, ನಾನು ಹುಟ್ಟಿದ್ದನ್ನು ಕಂಡ ಹಿರಿಯರೊಬ್ಬರು ಪ್ರಮಾಣ ಮಾಡಿ ಹೇಳಬೇಕಿತ್ತು. ಅಂಥವರಲ್ಲಿ ಬದುಕಿದ್ದವರು ಒಬ್ಬರೇ. ಚಿಕ್ಕವ್ವ, ಬೋಜನ ತಾಯಿ.

ವಕೀಲರಿಗೆ ಅದು ಒಂದು ಸಹಿಯ ವಿಷಯ. ನನಗೆ ಹಾಗಲ್ಲ. ನಾನು ಚಿಕ್ಕವನೆಂದು ಚಿಕ್ಕವ್ವ ಕೋರ್ಟಿನಲ್ಲಿ ಹೇಳಿದ ದಿನದಿಂದ ಬೋಜ ದೊಡ್ಡವನು. ಆಸ್ಟ್ರೇಲಿಯಕ್ಕೆ ಒಂದು ವಯಸ್ಸು, ಹಟ್ಟಿಗೆ ಇನ್ನೊಂದು ವಯಸ್ಸು ಎಂದು ಎರಡು ಇಟ್ಟುಕೊಳ್ಳುವಂತಿಲ್ಲ. ಎಲ್ಲರೆದುರು ನಾನು ಅವನಿಗೆ ತಲೆ ಬಗ್ಗಿಸಬೇಕು. ಮೂರು ವಾರ ಯೋಚಿಸಿದೆ. ಸಾವಿರಾರು ಮೈಲಿ ಆಚೆಗೆ, ಸಮುದ್ರ ದಾಟಿ ಹೋಗಲು ತಯಾರಾಗಿದ್ದವನಿಗೆ ಪಕ್ಕದ ಮನೆಯ ಹೊಸ್ತಿಲು ದಾಟಲು ಮೂರು ವಾರ ಬೇಕಾಯಿತು. ಆ ಮೂರು ವಾರ ಸುಮತಿ ಬೆಳಗಿನ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಕಡೆಗೊಂದು ಭಾನುವಾರ ಹೋದೆ. ಚಿಕ್ಕವ್ವ ಹಜಾರದಲ್ಲಿ ಕೂತು ಅವರೆ ಬಿಡಿಸುತ್ತಿದ್ದರು. ಬೋಜ ಪಕ್ಕದಲ್ಲಿದ್ದ, ನನ್ನನ್ನು ಕಂಡೊಡನೆ ಎದ್ದುಬಂದು ಅಭ್ಯಾಸಬಲದಿಂದ ತಲೆ ಬಗ್ಗಿಸಿದ. ನಾನೂ ಅಭ್ಯಾಸಬಲದಿಂದ ಹರಸಿದೆ. ಆಮೇಲೆ ಕೂತು, ಸುತ್ತಿ ಬಳಸಿ, ಹವಾಮಾನ, ಎಲೆಯ ದರ ಎಲ್ಲ ಮುಗಿಸಿ ವಿಷಯಕ್ಕೆ ಬಂದೆ. ಯಾರು ಮೊದಲು ಹುಟ್ಟಿದ್ದು ಎಂದು ನಿಮಗೆ ನೆನಪಿದೆಯೇ ಎಂದು ಬಹಳ ನಾಜೂಕಾಗಿ ಕೇಳಿದೆ.

ಚಿಕ್ಕವ್ವ ಅವರೆಯಿಂದ ಕಣ್ಣೆತ್ತಲಿಲ್ಲ. “ನೀ ಹುಟ್ಟುವಾಗ ಎನ್ನ ಬೋಜ ಕೂತು ಆಡುತ್ತಿದ್ದ. ನಿನ್ನ ಅವ್ವೆಗ ಜ್ವರ. ಎರಡು ತಿಂಗಳು ನೀ ಕುಡಿದದ್ದು ಎನ್ನ ಹಾಲು. ಎನಗ ನೆನಪಿಲ್ಲೆಯಾ?”

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅವ್ವೆ ಹೇಳಿರಲಿಲ್ಲ, ಹೆತ್ತಪ್ಪನಂತೂ ಹೇಳುವ ಮಾತೇ ಇಲ್ಲ. ಬೋಜನ ಪಾಲಿನ ಹಾಲು ಕುಡಿದು, ಅವನ ಪಾಲಿನ ಹಿರಿತನವನ್ನೂ ಕಿತ್ತುಕೊಂಡು, ನಲವತ್ತು ವರ್ಷ ಅವನ ತಲೆಯ ಮೇಲೆ ಕೈಯಿಟ್ಟು ಬದುಕು ಎಂದು ಹರಸುತ್ತಿದ್ದ ಮಹಾಶಯ ನಾನು. ನನಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು, ಅದನ್ನು ಮುಚ್ಚಿಡಲು ನಾಲ್ಕು ಅವರೆಕಾಯಿ ಎತ್ತಿಕೊಂಡು ಬಿಡಿಸಿದೆ. ನಿನಗೆ ಇದು ಗೊತ್ತಿತ್ತೇ ಎಂದು ಬೋಜನನ್ನು ಕೇಳಿದೆ. ಗೊತ್ತಿತ್ತು ಅಂದ. ಮತ್ತೆ ಯಾಕೆ ಬಗ್ಗಿಸುತ್ತಿದ್ದೆ ಅಂದರೆ, ನೀನು ಅದಕ್ಕಾಗಿ ಕಾದು ನಿಲ್ಲುತ್ತಿದ್ದೆಯಲ್ಲ ಅಂದ.

ಚಿಕ್ಕವ್ವ ಕೋರ್ಟಿಗೆ ಬಂದು ಹೇಳಿದರು. ಹೊರಗಿನ ಕಟ್ಟೆಯ ಮೇಲೆ ಹಟ್ಟಿಯ ಐದಾರು ಜನ ಕೂತಿದ್ದರು, ತಮಾಷೆ ನೋಡಲೆಂದೇ ಬಸ್ಸು ಹತ್ತಿ ಬಂದವರು. ನಾನು ಬೋಜನ ಮುಂದೆ ಹೋಗಿ ತಲೆ ಬಗ್ಗಿಸಿದೆ. ನನ್ನ ಎತ್ತರಕ್ಕೆ ಅದೇನೂ ಕಷ್ಟವಲ್ಲ, ಬಗ್ಗಿಸದಿದ್ದರೂ ಅವನ ಕೈಗೆ ಸಿಗುತ್ತದೆ. ಹಸಿ ಎಲೆಯ ವಾಸನೆಯ ಭಾರವಾದ ಕೈ ಬಂದು ನೆತ್ತಿಯ ಮೇಲೆ ಕೂತಿತು. ಬೇಗ ಏಳಲಿಲ್ಲ. ನಲವತ್ತು ವರ್ಷದ ಬಾಕಿ, ತೀರಲಿ ಎಂದು ನಾನೂ ಹಾಗೇ ಬಗ್ಗಿ ನಿಂತೆ.

ತೀರ್ಪು ಬಂದು, ಶಾಲೆಯ ದಾಖಲೆ ತಿದ್ದಿ, ಪಾಸ್‌ಪೋರ್ಟ್ ಹೊಸದಾಗಿ ಬರುವಷ್ಟರಲ್ಲಿ ಒಂದು ವರ್ಷ ಕಳೆಯಿತು. ಫ್ಯಾಕ್ಟರಿಯ ಮ್ಯಾನೇಜರ್ ಮಾತ್ರ ನಿವೃತ್ತಿ ಮುಂದಕ್ಕೆ ಹಾಕಿಕೊಳ್ಳಲು ನಾನು ಹೂಡಿದ ಆಟವಿದು ಎಂದು ಇವತ್ತಿಗೂ ನಂಬಿದ್ದಾರೆ. ಮತ್ತೆ ಫೆಬ್ರವರಿ ಬಂತು. ಸುಮತಿ ಏಜೆಂಟನನ್ನು ಬಿಟ್ಟು, ಅರ್ಜಿಯನ್ನು ತಾನೇ ಲ್ಯಾಪ್‌ಟಾಪ್‌ನಲ್ಲಿ ತುಂಬಲು ಕೂತಳು. ಸಂಜೆ ಆರು ಗಂಟೆಗೆ ನಾನು ಫ್ಯಾಕ್ಟರಿಯಿಂದ ಬಂದಾಗ ಎಲ್ಲ ತುಂಬಿ, ಕೊನೆಯ ಎರಡು ಪುಟ ನನಗಾಗಿ ಬಿಟ್ಟಿದ್ದಳು. ನಾನು ಕುರ್ಚಿ ಎಳೆದು ಕೂತೆ. ಕನ್ನಡಕ ಒರೆಸಿದೆ. ನಲವತ್ತೈದಕ್ಕೆ ಇನ್ನೂ ಹದಿಮೂರು ತಿಂಗಳು ಇತ್ತು. ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ನಾನೇ ಕೇಳಿಸಿಕೊಂಡೆ. ಇನ್ನೂ ಹದಿಮೂರು ತಿಂಗಳಿದೆಯಲ್ಲ, ಈ ಸೀಸನ್ನಿನ ಎಲೆಯೊಂದು ಮುಗಿಯಲಿ ಅಂದಿದ್ದೆ.

ಸುಮತಿ ಜಗಳವಾಡುತ್ತಾಳೆ ಅಂದುಕೊಂಡೆ. ಅವಳು ಎದ್ದು ಹೊರಗೆ ಹೋಗಿ, ಗೋಡೆಯಾಚೆಗೆ ಒಂದು ಕೂಗು ಹಾಕಿದಳು. ಬೋಜ ಬಂದ. ನಾನು ಎದ್ದು ತಲೆ ಬಗ್ಗಿಸಿದೆ, ಅವನು ಹರಸಿದ. ಅವಳು ನಡೆದದ್ದನ್ನು ಹೇಳಿದಳು. ಅವನು ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದ.

“ಸೀಸನ್ ಗೀಸನ್ ಇಲ್ಲೆ. ಇಂದೇ ಹಾಕು. ದೊಡ್ಡವ ನಾ ಹೇಳಿನೆ, ಹಾಕು.”

ನೋಡಿ, ನಲವತ್ತು ವರ್ಷ ನಾನು ದೊಡ್ಡವನಾಗಿದ್ದೆ. ಅಷ್ಟೂ ವರ್ಷ ಆ ಹಿರಿತನವನ್ನು ತಲೆ ಎಣಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿರಲಿಲ್ಲ. ಬೋಜನಿಗೆ ಅದು ಸಿಕ್ಕಿ ಇನ್ನೂ ವರ್ಷವಾಗಿರಲಿಲ್ಲ, ಅದು ಯಾತಕ್ಕಿದೆ ಎಂದು ಅವನಿಗೆ ಗೊತ್ತಿತ್ತು. ನಾನು ಹೋದರೆ ಅವನಿಗೇ ನಷ್ಟ, ಗೋಡೆಯಾಚೆ ಮಾತಿಗೆ ಒಬ್ಬನಿರುವುದಿಲ್ಲ. ಅವನ ಮುಖದಲ್ಲಿ ಅದೂ ಕಾಣುತ್ತಿತ್ತು. ನಮ್ಮಲ್ಲಿ ದೊಡ್ಡವರ ಮಾತು ಮೀರುವಂತಿಲ್ಲ. ನಾನು ಕೂತೆ.

ಕೊನೆಯ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ಈ ಅರ್ಜಿ ಹಾಕಲು ನಿಮಗೆ ಯಾರಾದರೂ ಸಹಾಯ ಮಾಡಿದ್ದಾರೆಯೇ? ಇದಕ್ಕೆ ಎಲ್ಲರೂ ‘ಇಲ್ಲ’ ಎಂದು ಒತ್ತುತ್ತಾರಂತೆ, ಸುಮತಿಯ ಬೆರಳೂ ಅಲ್ಲಿಗೇ ಹೋಗಿತ್ತು. ನಾನು ತಡೆದು ‘ಹೌದು’ ಒತ್ತಿಸಿದೆ. ಒಡನೆ ಅದು ಹೆಸರು ಕೇಳಿತು, ಬೋಜನ ಹೆಸರು ಬರೆಸಿದೆ. ಸಂಬಂಧ ಏನು ಎಂದು ಕೇಳಿತು. ಅವಳು ನನ್ನ ಮುಖ ನೋಡಿದಳು. ಅಣ್ಣ ಅಂದೆ. ಆ ಮಾತನ್ನು ಬೋಜನ ಬಗ್ಗೆ ನಾನು ಅಲ್ಲಿಯವರೆಗೆ ಒಂದು ಸಲವೂ ಬಾಯಲ್ಲಿ ಆಡಿರಲಿಲ್ಲ.

ಅರ್ಜಿ ಹೋಯಿತು. ಅವರು ಕರೆಯುತ್ತಾರೋ ಇಲ್ಲವೋ ಇನ್ನೂ ಗೊತ್ತಿಲ್ಲ, ದಿನಕ್ಕೆರಡು ಸಲ ಇ-ಮೇಲ್ ನೋಡುತ್ತಿದ್ದೇನೆ. ಬೆಳಿಗ್ಗೆ ಎಲೆಯ ಲಾರಿಯ ಹತ್ತಿರ ಬೋಜ ಸಿಗುತ್ತಾನೆ, ನಾನು ಹೋಗಿ ತಲೆ ಬಗ್ಗಿಸುತ್ತೇನೆ, ಆ ದೊಡ್ಡ ಕೈ ಬಂದು ಕೂತಾಗ ಎರಡು ಕ್ಷಣ ನನಗೆ ಏನನ್ನೂ ತೀರ್ಮಾನಿಸುವ ಅಗತ್ಯವಿರುವುದಿಲ್ಲ. ಬಗ್ಗಿಸುವುದರಲ್ಲೂ ಇಷ್ಟು ಸುಖವಿದೆ ಎಂದು ಆ ಪುಣ್ಯಾತ್ಮ ನಲವತ್ತು ವರ್ಷ ನನಗೆ ಹೇಳಲೇ ಇಲ್ಲ.